ಮೇಟಿವಿದ್ಯೆಯ ಗುರು

ಬೆಂಗಳೂರಿನಿಂದ ಮೈಸೂರಿನ ಕಡೆಗೆ ರೈಲಿನಲ್ಲಿ ಪ್ರಯಾಣ ಮಾಡುವವರಿಗೆ ಬಿಡದಿಯನ್ನು ದಾಟಿದ ಸ್ವಲ್ಪ ಹೊತ್ತಿನಲ್ಲಿಯೇ ರಾಮನಗರದ ಹೆಬ್ಬಂಡೆಗಳು ಕಾಣಿಸಿಕೊಳ್ಳುತ್ತವೆ. ಎಡಗಡೆಗೆ ಕನಕಪುರದ ಸೀಮೆ, ಬಲಗಡೆಗೆ ಮಾಗಡಿಯ ಸೀಮೆ, ಮುಂದೆ ಚನ್ನಪಟ್ಟಣ. ಮುಂಗಾರು ಹದವಾಗಿ ಸುರಿದ ವರ್ಷ ಬಂಡೆಗಳ ನಡುವಣ ಕೆಮ್ಮಣ್ಣಿನ ಹೊಲಗಳಲ್ಲಿ ರಾಗಿಯ ಪೈರು ನಳನಳಿಸುತ್ತಿರುತ್ತದೆ. ಪೈರಿನ ಮಧ್ಯೆ ಅವರೆ, ಹುಚ್ಚೆಳ್ಳುಗಳ ಅಕ್ಕಡಿ ಸಾಲು. ಅಲ್ಲಲ್ಲಿ ಹಿಪ್ಪುನೇರಳೆಯ ತೋಟ. ಇದನ್ನೇ ನೋಡುತ್ತ ಬೆಳೆದವರಿಗೆ ಇದರಲ್ಲಿ ವಿಶೇಷವೇನೂ ತೋರದು. ರಾಗಿ ಬೆಳೆಯುವುದನ್ನೂ ಶಾಲೆಯಲ್ಲಿ ಕಲಿಯಬೇಕೆ ಎಂದು ಯಾರಾದರೂ ನಕ್ಕರೆ ಆಶ್ಚರ್ಯವಿಲ್ಲ. ಆದರೆ ಇದು ಕಲಿಯಬೇಕಾದ ವಿದ್ಯೆ, ಶ್ರದ್ಧೆಯಿಂದ ಕಲಿಸಬೇಕಾದ ವಿದ್ಯೆ ಎಂದು ನಂಬಿ, ತಮ್ಮ ಬಾಳಿನ ಅತ್ಯುತ್ತಮ ವರ್ಷಗಳನ್ನು ಅದಕ್ಕಾಗಿ ಮುಡಿಪಾಗಿಟ್ಟವರೊಬ್ಬರು ಒಂದು ಶತಮಾನಕ್ಕೂ ಹಿಂದೆ ನಮ್ಮ ನಾಡಿಗೆ ಬಂದರು. ಅವರು ಈ ನೆಲದಲ್ಲಿ ಹುಟ್ಟಿದವರಲ್ಲ. ಸಪ್ತಸಾಗರಗಳಾಚೆಯ ಕೆನಡಾ ದೇಶದವರು. ಅವರೇ ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಕೋಲ್ಮನ್ನರು ಜನಿಸಿದುದು ೧೮೭೮ರಲ್ಲಿ, ಕೆನಡಾದ ಆಂಟೇರಿಯೊ ಪ್ರಾಂತದಲ್ಲಿ. ಆ ಇಸವಿಯನ್ನು ನಾವು ಮತ್ತೊಂದು ಕಾರಣಕ್ಕಾಗಿಯೂ ನೆನಪಿನಲ್ಲಿಡಬೇಕಾಗಿದೆ. ಅದೇ ಹೊತ್ತಿನಲ್ಲಿ ಮೈಸೂರು ಸಂಸ್ಥಾನವು ತನ್ನ ಇತಿಹಾಸದಲ್ಲಿಯೇ ಅತ್ಯಂತ ಭೀಕರವಾದ ಕ್ಷಾಮದಿಂದ ಆಗತಾನೆ ಹೊರಬರುತ್ತಿದ್ದಿತು. ಧಾತು, ಈಶ್ವರ ಸಂವತ್ಸರಗಳಲ್ಲಿ ಮಳೆ ಕೈಕೊಟ್ಟು, ಹೊಲಗಳು ಒಣಗಿ, ರಾಗಿಯನ್ನು ಕೂಡಿಟ್ಟಿದ್ದ ಹಗೇವುಗಳು ಬರಿದಾದುವು. ಗುಳೆ ಹೊರಟವರು ದಾರಿಯಲ್ಲಿಯೇ ಅಸುನೀಗಿದರು. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆಯು ೧೮೮೧ರ ಗಣತಿಯ ಹೊತ್ತಿಗೆ ೪೨ ಲಕ್ಷಕ್ಕಿಂತಲೂ ಕೆಳಗಿಳಿದಿದ್ದಿತು. ಬೇಸಾಯವು ಕೆಟ್ಟರೆ ರಾಜ್ಯದಲ್ಲಿ ಮತ್ತೇನೂ ಉಳಿಯದೆಂಬ ಪಾಠವನ್ನು ಆಳುವವರಿಗೆ ಈ ಕ್ಷಾಮವು ಕಲಿಸಿತು. ಆ ಪಾಠದ ಫಲವಾಗಿಯೇ ಮುಂದೆ ಕೋಲ್ಮನ್ನರಂಥವರಿಗೆ ಇಲ್ಲಿ ಕೆಲಸವು ಕಾದಿದ್ದಿತು.

ಪಾಠವು ಮೊದಲು ಫಲ ಕೊಟ್ಟುದು ಒಂದು ಸಣ್ಣ ದಾನದ ರೂಪದಲ್ಲಿ. ೧೮೯೯ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ತಮ್ಮ ಎಳೆಯ ಮಗನ ಪರವಾಗಿ ರಾಜ್ಯಭಾರವನ್ನು ನೋಡಿಕೊಳ್ಳುತ್ತಿದ್ದರು. ಬೆಂಗಳೂರಿನ ಹೊರವಲಯದ ಹೆಬ್ಬಾಳದಲ್ಲಿ ವ್ಯವಸಾಯದ ಪ್ರಯೋಗಗಳಿಗಾಗಿ ೩೦ ಎಕರೆ ಭೂಮಿಯನ್ನು ಅವರು ಕೊಟ್ಟರು. ರಸಾಯನ ಶಾಸ್ತ್ರಜ್ಞರಾದ ಲೇಮನ್ ಎಂಬುವರು ಅಲ್ಲಿ ಮಣ್ಣಿನ ಗುಣ ಹಾಗೂ ಬೆಳೆಗಳ ಪರೀಕ್ಷೆಯನ್ನು ಆರಂಭಿಸಿದರು. ಒಂದು ರಾಜ್ಯದ ವಿಸ್ತಾರವನ್ನು ನೆನೆದರೆ ೩೦ ಎಕರೆ ಎಂಬುದು ಏನೇನೂ ಅಲ್ಲ. ಅನುಕೂಲವಂತನಾದ ಒಬ್ಬ ಪಟೇಲನ ಹಿಡುವಳಿಯೂ ಅದಕ್ಕಿಂತ ದೊಡ್ಡದಾಗಿರುತ್ತಿದ್ದುದುಂಟು. ಆದರೆ ದಾನದ ಬೆಲೆಯನ್ನು ಅಳೆಯಬೇಕಾದುದು ಅದರ ಗಾತ್ರದಿಂದಲ್ಲ, ಅದು ಯಾರ ಕೈಗೆ ಸೇರಿತು ಎಂಬುದರಿಂದ.

ಕೋಲ್ಮನ್ನರು ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಪದವಿಯನ್ನು ಪಡೆದು, ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಸಾರಜನಕವನ್ನು ಸಸ್ಯಗಳಿಗೆ ಒದಗುವ ರೂಪಕ್ಕೆ ಹೇಗೆ ತರುತ್ತವೆ ಎಂಬುದು ಅಲ್ಲಿ ಅವರು ಕೈಗೊಂಡ ಸಂಶೋಧನೆಯ ವಿಷಯ. ೧೯೦೮ರಲ್ಲಿ, ತಮ್ಮ ಮೂವತ್ತನೆಯ ವಯಸ್ಸಿನಲ್ಲಿ, ಅವರು ಮೈಸೂರು ಸರ್ಕಾರದ ಸೇವೆಗೆ ಬಂದರು. ಸಸ್ಯಗಳಿಗೆ ರೋಗ ತರುವ ಶಿಲೀಂಧ್ರಗಳನ್ನೂ ಬೆಳೆಗಳನ್ನು ತಿನ್ನುವ ಕೀಟಗಳನ್ನೂ ಅಧ್ಯಯನ ಮಾಡುವುದು ಅವರಿಗೆ ವಹಿಸಿದ ಕೆಲಸವಾಗಿದ್ದಿತು.

ಅವರ ವಿದ್ಯೆಗೆ ಮೊದಲ ಪರೀಕ್ಷೆಯು ಮಲೆನಾಡಿನಲ್ಲಿ ಒದಗಿತು. ಅಲ್ಲಿನ ಅಡಕೆಯ ತೋಟಗಳಿಗೆ ಮಳೆಗಾಲದಲ್ಲಿ ಕೊಳೆರೋಗವು ತಗಲುತ್ತಿದ್ದಿತು. ಎಳೆಯ ಕಾಯಿಗಳು ಗೊನೆಯಲ್ಲಿಯೇ ಕೊಳೆತು ಉದುರಿ, ವರ್ಷದ ದುಡಿಮೆಯೆಲ್ಲವೂ ಕೆಲವು ವಾರಗಳಲ್ಲಿ ಮಣ್ಣುಪಾಲಾಗುತ್ತಿದ್ದಿತು. ಗೊನೆಗಳಿಗೆ ಕೊಟ್ಟೆಯನ್ನು ಕಟ್ಟಿ ಮಳೆಯಿಂದ ಕಾಪಾಡುವುದೊಂದೇ ತೋಟದವರು ಬಲ್ಲ ಉಪಾಯ. ಕೋಲ್ಮನ್ನರು ರೋಗದ ಮೂಲವನ್ನು ಹುಡುಕಿ, ಅದು ಬರಿಗಣ್ಣಿಗೆ ಕಾಣದ ಒಂದು ಶಿಲೀಂಧ್ರದ ಕೃತ್ಯವೆಂಬುದನ್ನು ವಿವರಿಸಿದರು. ಮೈಲುತುತ್ತ ಮತ್ತು ಸುಣ್ಣಗಳನ್ನು ನೀರಿನಲ್ಲಿ ಬೆರೆಸಿ ಮಾಡುವ ಬೋರ್ಡೋ ದ್ರಾವಣವನ್ನು ಫ್ರಾನ್ಸ್ ದೇಶದ ದ್ರಾಕ್ಷಿತೋಟಗಳಲ್ಲಿ ಆಗಲೇ ಬಳಸುತ್ತಿದ್ದರು. ಅದನ್ನು ಮಳೆ ಹಿಡಿಯುವ ಮೊದಲೇ ಅಡಕೆಯ ಗೊನೆಗಳಿಗೆ ಸಿಂಪಡಿಸಿದರೆ ಕಾಯಿ ಉಳಿಯುವುದೆಂದು ಅವರು ತೋರಿಸಿಕೊಟ್ಟರು. ಮಲೆನಾಡಿನ ಜಡಿಮಳೆಗೆ ಔಷಧವು ತೊಳೆದುಹೋಗದಂತೆ ಅದಕ್ಕೆ ಅಂಟುಗುಣವುಳ್ಳ ರಾಳವನ್ನು ಸೇರಿಸುವ ವಿಧಾನವನ್ನೂ ರೂಪಿಸಿದರು. ೧೯೧೦ರಲ್ಲಿ ಈ ಸಂಶೋಧನೆಯ ವಿವರಗಳು ಪ್ರಕಟವಾದುವು. ಇಂದಿಗೂ ಮಲೆನಾಡಿನಲ್ಲಿ ಮಳೆಗಾಲದ ಹೊಸ್ತಿಲಲ್ಲಿ ಅಡಕೆಗೆ ಔಷಧ ಹೊಡೆಯುವ ಪದ್ಧತಿಯು ನಡೆದುಕೊಂಡು ಬಂದಿದೆ.

ಬಯಲುಸೀಮೆಯ ಜೋಳದ ಹೊಲಗಳನ್ನು ಹಾಳುಮಾಡುತ್ತಿದ್ದ, ರೆಕ್ಕೆಗಳಿಲ್ಲದ ಒಂದು ಬಗೆಯ ಮಿಡತೆಯನ್ನೂ ಅವರು ಇದೇ ಕಾಲದಲ್ಲಿ ಅಭ್ಯಾಸ ಮಾಡಿದರು. ಆ ಮಿಡತೆಗೆ ವಿಜ್ಞಾನಿಗಳು ಕೋಲ್ಮನ್ನರ ಹೆಸರನ್ನೇ ಇಟ್ಟು, ಅದನ್ನು ಕೋಲ್ಮೇನಿಯ ಎಂದು ಕರೆದರು. ಶತ್ರುವಿಗೆ ತನ್ನ ಹೆಸರನ್ನು ಕೊಟ್ಟ ಇಂಥ ಗೌರವವು ಎಲ್ಲರಿಗೂ ಲಭಿಸುವಂಥದಲ್ಲ.

ಔಷಧವನ್ನು ಕಂಡುಹಿಡಿಯುವುದು ಒಂದು ಕೆಲಸ. ಅದನ್ನು ರೈತನು ನಂಬುವಂತೆ ಮಾಡುವುದು ಮತ್ತೊಂದು. ತಲೆತಲಾಂತರದಿಂದ ಬೇಸಾಯ ಮಾಡಿಕೊಂಡು ಬಂದವನ ಮುಂದೆ ನಿನ್ನೆ ಮೊನ್ನೆ ಬಂದ ಅಧಿಕಾರಿಯು ನಿಂತು ಉಪದೇಶ ಮಾಡಿದರೆ ಅವನು ತಲೆದೂಗಬಹುದು, ಆದರೆ ತನ್ನ ಪದ್ಧತಿಯನ್ನು ಬಿಡಲಾರನು. ಬಿಡದಿರುವುದರಲ್ಲಿ ಅವನ ತಪ್ಪೂ ಇಲ್ಲ. ಹೊಸ ಪದ್ಧತಿಯು ಸೋತರೆ ಅಧಿಕಾರಿಯ ಸಂಬಳವು ನಿಲ್ಲುವುದಿಲ್ಲ. ಉಪವಾಸ ಬೀಳಬೇಕಾದವರು ರೈತನ ಹೆಂಡತಿ ಮಕ್ಕಳು. ಆದುದರಿಂದ ರೈತರ ನಡುವಿನಿಂದಲೇ ಬಂದ ಎಳೆಯರು ಈ ವಿದ್ಯೆಯನ್ನು ಕಲಿತು, ತಮ್ಮ ಹೊಲದಲ್ಲಿ ಮಾಡಿ ತೋರಿಸಬೇಕಾಗಿದ್ದಿತು. ಹೊಲವನ್ನು ಕಂಡು ನಂಬುವ ರೈತನಿಗೆ ಹೊಲದಲ್ಲಿಯೇ ಉತ್ತರ ಹೇಳಬೇಕಲ್ಲವೆ?

೧೯೧೩ರಲ್ಲಿ ಕೋಲ್ಮನ್ನರು ಸಂಸ್ಥಾನದ ವ್ಯವಸಾಯ ಇಲಾಖೆಯ ನಿರ್ದೇಶಕರಾದರು. ನಾಲ್ವಡಿ ಕೃಷ್ಣರಾಜ ಒಡೆಯರು ಆಗ ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಅದೇ ವರ್ಷ ಹೆಬ್ಬಾಳದಲ್ಲಿ ವ್ಯವಸಾಯದ ಶಾಲೆಯು ಆರಂಭವಾಯಿತು. ಮಹಾರಾಣಿಯವರು ಕೊಟ್ಟಿದ್ದ ನೆಲವು ಹೀಗೆ ಪ್ರಯೋಗ ಕ್ಷೇತ್ರವಾಗಿದ್ದುದರ ಜೊತೆಗೆ ಪಾಠಶಾಲೆಯೂ ಆಯಿತು. ಅಲ್ಲಿನ ತರಗತಿಯ ಬಾಗಿಲನ್ನು ದಾಟಿದರೆ ಹೊಲವೇ. ಮಣ್ಣಿನ ಪದರ, ಗೊಬ್ಬರದ ಗುಣ, ಬೀಜದ ಆಯ್ಕೆ, ಕೀಟದ ಹುಟ್ಟು ಬೆಳವಣಿಗೆ ಇವುಗಳನ್ನು ಪುಸ್ತಕದಲ್ಲಿ ಓದಿದವನು ಹೊರಗೆ ಬಂದು ಕಣ್ಣಾರೆ ಕಾಣಬಹುದಾಗಿದ್ದಿತು. ಕಾಲಕ್ರಮದಲ್ಲಿ ಇಂಗ್ಲಿಷ್ ಬಾರದ ರೈತರ ಮಕ್ಕಳಿಗಾಗಿ ಕನ್ನಡದಲ್ಲಿ ಬೋಧಿಸುವ ಏರ್ಪಾಡೂ ಆಯಿತು. ಕನ್ನಡದ ವ್ಯವಸಾಯ ಶಾಲೆಗಳು ಸಂಸ್ಥಾನದ ಹಳ್ಳಿಗಾಡನ್ನೂ ಮುಟ್ಟಿದುವು.

ಆದರೆ ಈ ಶಾಲೆಯಿಂದ ಎಲ್ಲವೂ ಅಂದುಕೊಂಡಂತೆಯೇ ನಡೆಯಿತೆಂದು ಹೇಳಿದರೆ ಅದು ಸತ್ಯವಾಗಲಾರದು. ಹೆಬ್ಬಾಳದಲ್ಲಿ ಕಲಿತವರಲ್ಲಿ ಅನೇಕರು ಮತ್ತೆ ನೇಗಿಲಿನ ಬಳಿಗೆ ಹಿಂದಿರುಗಲಿಲ್ಲ. ಸರ್ಕಾರದ ಹುದ್ದೆಗಳನ್ನು ಹಿಡಿದರು. ಇಲಾಖೆಗೆ ತಿಳಿವಳಿಕೆಯುಳ್ಳ ನೌಕರರು ದೊರೆತುದು ಲಾಭವೇ ಸರಿ. ಆದರೆ ವಿದ್ಯೆ ಕಲಿತವನು ಮಣ್ಣನ್ನು ಮುಟ್ಟಬಾರದು, ಮಣ್ಣನ್ನು ಮುಟ್ಟುವವನಿಗೆ ವಿದ್ಯೆ ಬೇಕಾಗಿಲ್ಲ ಎಂಬ ಹಳೆಯ ಭಾವನೆಯು ಒಂದು ಶಾಲೆಯಿಂದ ಅಳಿಯುವಷ್ಟು ದುರ್ಬಲವಾಗಿರಲಿಲ್ಲ. ಅದು ಇಂದಿಗೂ ಪೂರ್ಣವಾಗಿ ಅಳಿದಿಲ್ಲವೆಂಬುದನ್ನು ನಾವು ಒಪ್ಪಿಕೊಳ್ಳಬೇಕು. ರೈತನೇ ತನ್ನ ಮಗನಿಗೆ ನನ್ನ ಕಷ್ಟ ನಿನಗೆ ಬೇಡವೆಂದು ಹೇಳುವುದುಂಟು. ಆ ಮಾತಿನ ಹಿಂದಿರುವ ನೋವನ್ನು ಹಗುರವಾಗಿ ಕಾಣಲಾಗದು.

ಈ ಗೋಡೆಯನ್ನು ಇನ್ನೊಂದು ಕಡೆಯಿಂದ ಒಡೆಯುವ ಪ್ರಯತ್ನವಾಗಿ ಮೈಸೂರು ವ್ಯವಸಾಯ ಮತ್ತು ಪ್ರಯೋಗ ಸಂಘವು ಹುಟ್ಟಿಕೊಂಡಿತು. ಕೋಲ್ಮನ್ನರ ಹುಟ್ಟುನಾಡಾದ ಆಂಟೇರಿಯೊದಲ್ಲಿ ಇದೇ ಬಗೆಯ ಸಂಘವೊಂದು ಹತ್ತೊಂಬತ್ತನೆಯ ಶತಮಾನದಿಂದಲೇ ಕೆಲಸ ಮಾಡುತ್ತಿದ್ದಿತು. ಶಾಲೆಗೆ ಬರಲಾಗದ ರೈತನೂ ಇಂಥ ಸಂಘದ ಮೂಲಕ ಪ್ರಯೋಗಶೀಲನಾಗಬಹುದು. ಹೊಸ ತಳಿಯನ್ನೋ ಹೊಸ ಗೊಬ್ಬರವನ್ನೋ ತನ್ನ ಹೊಲದ ಒಂದು ಮೂಲೆಯಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ನಾಲ್ಕು ಜನರೊಡನೆ ಹಂಚಿಕೊಳ್ಳಬಹುದು. ಈ ಸಂಘವು ತನ್ನದೇ ಆದ ಪತ್ರಿಕೆಯನ್ನೂ ನಡೆಸಿತು.

ಇನ್ನು ರಾಗಿಯ ವಿಷಯ. ರಾಮನಗರವನ್ನು ಕ್ಲೋಸ್‌ಪೇಟೆಯೆಂದೂ ಕನಕಪುರವನ್ನು ಕಾನಕಾನಹಳ್ಳಿಯೆಂದೂ ಕರೆಯುತ್ತಿದ್ದ ಆ ಕಾಲದಲ್ಲಿ ಈ ಸೀಮೆಯೆಲ್ಲವೂ ಬೆಂಗಳೂರು ಜಿಲ್ಲೆಗೆ ಸೇರಿದ್ದಿತು. ಇಲ್ಲಿನ ಜನರಿಗೆ ರಾಗಿಯೇ ಅನ್ನ, ರಾಗಿಯ ಹುಲ್ಲೇ ದನಕರುಗಳಿಗೆ ಮೇವು. ಪಟ್ಟಣದ ವಿದ್ಯಾವಂತರು ಅದನ್ನು ಬಡವರ ಧಾನ್ಯವೆಂದು ಕಡೆಗಣಿಸುವುದು ಅಪರೂಪವಾಗಿರಲಿಲ್ಲ. ಹೆಬ್ಬಾಳದಲ್ಲಿ ಈ ಧಾನ್ಯಕ್ಕೆ ಗೌರವದ ಸ್ಥಾನವು ದೊರಕಿತು. ಒಂದು ಹೊಲದ ರಾಗಿಯೆಂದರೆ ಒಂದೇ ಬಗೆಯ ಗಿಡಗಳ ಗುಂಪಲ್ಲ. ಎತ್ತರದವು, ಗಿಡ್ಡನೆಯವು, ಬೇಗ ತೆನೆ ಬಿಡುವವು, ತಡವಾಗಿ ಬಿಡುವವು ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಅವುಗಳಲ್ಲಿ ಒಳ್ಳೆಯ ಗಿಡವೊಂದನ್ನು ಆರಿಸಿ, ಅದರ ಬೀಜವನ್ನು ಪ್ರತ್ಯೇಕವಾಗಿ ಬಿತ್ತಿ, ಉಳಿದವುಗಳ ಮಗ್ಗುಲಿನಲ್ಲಿ ಬೆಳೆಸಿ, ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡುವುದೇ ಶುದ್ಧ ತಳಿಯ ಆಯ್ಕೆ. ಇದಕ್ಕೆ ದುಬಾರಿ ಯಂತ್ರಗಳು ಬೇಕಾಗಿಲ್ಲ. ಬೇಕಾದುದು ಚುರುಕಾದ ಕಣ್ಣು, ತಪ್ಪದೆ ಬರೆದಿಡುವ ಅಭ್ಯಾಸ ಮತ್ತು ಸಹನೆ. ೧೯೧೦ರ ದಶಕದ ಕೊನೆಯ ವೇಳೆಗೆ ಹೆಬ್ಬಾಳದಿಂದ ಎಚ್-೨೨ ಎಂಬ ರಾಗಿಯ ತಳಿಯು ಹೊರಬಂದುದು ಈ ಮಾರ್ಗದಿಂದಲೇ. ೧೯೨೦ರಲ್ಲಿ ಕೋಲ್ಮನ್ನರು ಮೈಸೂರಿನ ರಾಗಿ ಬೇಸಾಯವನ್ನು ಕುರಿತು ಒಂದು ಪುಸ್ತಿಕೆಯನ್ನೇ ಬರೆದರು. ಹಳ್ಳಿಯವರ ಹೊಟ್ಟೆಯನ್ನು ತುಂಬಿಸುವ ಒಂದು ಧಾನ್ಯವು ಇಲಾಖೆಯ ನಿರ್ದೇಶಕರೇ ಕುಳಿತು ಬರೆಯುವಷ್ಟು ಮಹತ್ತ್ವದ ವಿಷಯವಾಯಿತೆಂಬುದು ಗಮನಿಸಬೇಕಾದ ಸಂಗತಿ.

ರಾಗಿಯ ಬೆಲೆಯನ್ನು ಇಂದಿನ ಆಹಾರವಿಜ್ಞಾನವು ಇನ್ನಷ್ಟು ಸ್ಪಷ್ಟವಾಗಿ ಅರಿತಿದೆ. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ. ನಯಮಾಡಿದ ಅಕ್ಕಿಯಲ್ಲಿರುವುದಕ್ಕಿಂತ ಇದು ಎಷ್ಟೋ ಪಟ್ಟು ಹೆಚ್ಚು. ಬೆಳೆಯುವ ಮಕ್ಕಳ ಎಲುಬಿಗೆ ಇದು ಅಗತ್ಯವಾದ ವಸ್ತು. ವಿಶ್ವಸಂಸ್ಥೆಯು ೨೦೨೩ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ, ಮಾಗಡಿಯ ಅಜ್ಜಿಯು ದಿನನಿತ್ಯ ಮುದ್ದೆ ಕಟ್ಟುವ ಧಾನ್ಯಕ್ಕೆ ಜಗತ್ತಿನ ಮನ್ನಣೆಯು ದೊರೆತಂತಾಯಿತು.

ಕೋಲ್ಮನ್ನರ ಕಾಲದಲ್ಲಿಯೇ ಚನ್ನಪಟ್ಟಣದಲ್ಲಿ ಸಂಸ್ಥಾನದ ಸರ್ಕಾರವು ರೇಷ್ಮೆಯ ಕ್ಷೇತ್ರವೊಂದನ್ನು ಸ್ಥಾಪಿಸಿತು. ಇಟಲಿಯಿಂದ ಬಂದ ಮಾರಿ ಎಂಬ ತಜ್ಞರು ಅಲ್ಲಿ ಕೆಲಸ ಮಾಡಿದರು. ಗಂಟುರೋಗವು ತಗಲಿದ ಚಿಟ್ಟೆಯ ಮೊಟ್ಟೆಯಿಂದ ಹುಟ್ಟುವ ಹುಳುಗಳು ಗೂಡು ಕಟ್ಟುವ ಮೊದಲೇ ಸಾಯುತ್ತವೆ. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿಲ್ಲದ ಮೊಟ್ಟೆಗಳನ್ನು ಮಾತ್ರ ಸಾಕುವವರಿಗೆ ಕೊಡಬೇಕೆಂಬ ಕ್ರಮವು ಇಂಥ ಕ್ಷೇತ್ರಗಳಿಂದ ಹಳ್ಳಿಗಳಿಗೆ ಹರಡಿತು. ಮುಂದೆ ರಾಮನಗರವು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾಯಿತು. ಅಡಕೆಯ ಗೊನೆಯಾಗಲಿ, ರಾಗಿಯ ತೆನೆಯಾಗಲಿ, ರೇಷ್ಮೆಯ ಗೂಡಾಗಲಿ, ಮೂರರಲ್ಲಿಯೂ ಪಾಠವು ಒಂದೇ: ಕೇಡು ಬಂದ ಮೇಲೆ ಮರುಗುವುದಕ್ಕಿಂತ ಅದರ ಮೂಲವನ್ನು ಮೊದಲೇ ಕಂಡುಕೊಳ್ಳುವುದು ಲೇಸು.

ದೊಡ್ಡ ಕೆಲಸವನ್ನು ಯಾರೂ ಒಬ್ಬರೇ ಮಾಡಲಾರರು. ಕೋಲ್ಮನ್ನರು ಭಾರತೀಯರಾದ ಕಿರಿಯ ವಿಜ್ಞಾನಿಗಳನ್ನು ಜೊತೆಗೆ ಕೂಡಿಸಿಕೊಂಡರು. ಕೀಟಶಾಸ್ತ್ರದಲ್ಲಿ ಕುಂಞಿಕಣ್ಣನ್, ಸಸ್ಯರೋಗಶಾಸ್ತ್ರದಲ್ಲಿ ಎಂ. ಜೆ. ನರಸಿಂಹನ್ ಮೊದಲಾದವರು ಇಲಾಖೆಯಲ್ಲಿ ಹೆಸರುಗಳಿಸಿದರು. ಬಾಳೆಹೊನ್ನೂರಿನಲ್ಲಿ ಕಾಫಿಯ ಸಂಶೋಧನಾ ಕೇಂದ್ರವು ೧೯೨೫ರಲ್ಲಿ ನೆಲೆಗೊಂಡಿತು. ಕನ್ನಂಬಾಡಿಯ ಕಟ್ಟೆಯ ನೀರು ಮಂಡ್ಯದ ಬಯಲಿಗೆ ಹರಿದು ಕಬ್ಬಿನ ಬೆಳೆಗೆ ದಾರಿಯಾದಾಗ, ೧೯೩೩ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿಯ ಹಿಂದೆಯೂ ಕೋಲ್ಮನ್ನರ ಶ್ರಮವಿದ್ದಿತು. ನಡುವಣ ಕೆಲವು ವರ್ಷಗಳನ್ನು ಬಿಟ್ಟರೆ ೧೯೦೮ರಿಂದ ೧೯೩೪ರವರೆಗೆ ಅವರು ಮೈಸೂರಿಗಾಗಿ ದುಡಿದರು. ನಿವೃತ್ತರಾದ ಮೇಲೆ ಕೆನಡಾಕ್ಕೆ ಹಿಂದಿರುಗಿ, ಅಲ್ಲಿಯೂ ಸಸ್ಯಗಳ ಅಧ್ಯಯನವನ್ನು ಮುಂದುವರಿಸಿ, ೧೯೫೪ರಲ್ಲಿ ತೀರಿಕೊಂಡರು.

ಅವರು ಹೋದ ಮೇಲೂ ಹೆಬ್ಬಾಳದ ಬೇರು ಒಣಗಲಿಲ್ಲ. ೧೯೧೩ರ ಶಾಲೆಯು ೧೯೪೬ರಲ್ಲಿ ಕೃಷಿ ಕಾಲೇಜಾಯಿತು. ೧೯೬೪ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಅಸ್ತಿತ್ವಕ್ಕೆ ಬಂದಿತು. ಅದರ ಒಂದು ಕೊಂಬೆಯಾದ ಕೃಷಿ ವಿಜ್ಞಾನ ಕೇಂದ್ರವು ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯಲ್ಲಿ ರೈತರ ನಡುವೆಯೇ ನೆಲೆಸಿದೆ. ಮಹಾರಾಣಿಯವರು ಕೊಟ್ಟ ೩೦ ಎಕರೆಯ ಫಲವು ಹೀಗೆ ಸುತ್ತಿ ಬಳಸಿ ಮತ್ತೆ ರಾಗಿಯ ಹೊಲಕ್ಕೇ ಬಂದು ಸೇರಿತು.

ಶಾಲೆಗಳಿಗೆ ಸಲ್ಲುವ ಸಣ್ಣ ಅನುದಾನಗಳನ್ನು ಕಂಡಾಗ ಈ ಕಥೆಯು ನೆನಪಿಗೆ ಬರುತ್ತದೆ. 2೦೦೧ರ ಸುಮಾರಿಗೆ ಆರಂಭವಾದ ರಾಷ್ಟ್ರೀಯ ಹಸಿರು ಪಡೆಯ ಯೋಜನೆಯಲ್ಲಿ ಒಂದು ಶಾಲೆಯ ಪರಿಸರ ಸಂಘಕ್ಕೆ ಒಂದು ಹಂತದಲ್ಲಿ ವರ್ಷಕ್ಕೆ ದೊರೆಯುತ್ತಿದ್ದುದು ೨,೫೦೦ ರೂಪಾಯಿ. ಆ ಹಣದಿಂದ ಏನು ತಾನೆ ಸಾಧ್ಯ ಎಂದು ಕೇಳುವವರಿದ್ದಾರೆ. ಎರಡು ಗುದ್ದಲಿ, ನಾಲ್ಕು ಮಂಕರಿ, ಒಂದು ನೀರಿನ ಡಬ್ಬ, ಕೆಲವು ಬಗೆಯ ಬೀಜ, ಒಂದು ದಪ್ಪ ನೋಟುಪುಸ್ತಕ. ಇಷ್ಟಕ್ಕೆ ಅದು ಸಾಕು. ಶಾಲೆಯ ಹಿಂದಿನ ಒಂದು ಗುಂಟೆ ನೆಲದಲ್ಲಿ ನಾಲ್ಕು ಸಾಲು ರಾಗಿ, ಒಂದು ಸಾಲು ಅವರೆ, ಒಂದು ಪಾತಿ ದಂಟಿನ ಸೊಪ್ಪನ್ನು ಬೆಳೆದು, ಯಾವ ಗಿಡ ಎಂದು ಮೊಳೆಯಿತು, ಯಾವುದಕ್ಕೆ ಹುಳು ಬಿದ್ದಿತು, ಯಾವುದು ಬಿಸಿಲನ್ನು ತಾಳಿತು ಎಂಬುದನ್ನು ಬರೆದಿಡುವ ವಿದ್ಯಾರ್ಥಿಯು ಹೆಬ್ಬಾಳದಲ್ಲಿ ನಡೆದ ಕೆಲಸವನ್ನೇ ಮಾಡುತ್ತಿರುತ್ತಾನೆ. ಆ ಸೊಪ್ಪು ಮಧ್ಯಾಹ್ನದ ಊಟದ ಸಾರಿಗೆ ಬಿದ್ದಾಗ ತಾನು ಉಣ್ಣುವ ಅನ್ನದ ಹಿಂದೆ ಎಷ್ಟು ದಿನಗಳ ದುಡಿಮೆಯಿದೆ ಎಂಬುದು ಅವನಿಗೆ ಯಾರೂ ಹೇಳದೆಯೇ ತಿಳಿಯುತ್ತದೆ.

ನಿಮ್ಮಲ್ಲಿ ಎಲ್ಲರೂ ಮುಂದೆ ಬೇಸಾಯಗಾರರೇ ಆಗಬೇಕೆಂದೇನೂ ಇಲ್ಲ. ಆದರೆ ಬೇಸಾಯವು ವಿದ್ಯೆಯಲ್ಲವೆಂದು ಭಾವಿಸುವವರು ನಿಮ್ಮಲ್ಲಿ ಯಾರೂ ಇರಬಾರದು. ದೂರದ ದೇಶದಿಂದ ಬಂದು ನಮ್ಮ ರಾಗಿಯ ತೆನೆಯ ಮುಂದೆ ವಿದ್ಯಾರ್ಥಿಯಂತೆ ನಿಂತ ಕೋಲ್ಮನ್ನರಿಗೆ ನಾವು ಸಲ್ಲಿಸಬೇಕಾದ ಗುರುದಕ್ಷಿಣೆ ಅಷ್ಟೇ.